ಬಿಯರ್ ಜಾತ್ರೆಯಲ್ಲಿ ಒಂದು ಶನಿವಾರ

ನಾನು ಕುಡಿಯೋದಿಲ್ಲ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು, ಯಾಕಂದ್ರೆ ಮುಂದೆ ಬರೋದೆಲ್ಲ ಬಿಯರ್ ವಿಷಯ. "ಕುಡಿಯದೇ ಇರಾಂವ ಅಕ್ಟೋಬರ್‌ಫೆಸ್ಟಿಗೆ ಹೋಗೂದಂದ್ರ ಮದುವಿ ಮನಿಗೆ ಹೋಗಿ ಚಪ್ಪಲಿ ಕಾಯ್ದಂಗ" ಅಂತ ನಮ್ಮ ಧಾರವಾಡದ ಗೆಳೆಯ ಆಗಲೇ ಆಡಿಕೊಂಡಿದ್ದ. ಹಾಗಂತ ನನ್ನನ್ನ ಬಿಟ್ಟು ಹೋಗೋ ಹಾಗೂ ಇರಲಿಲ್ಲ. ಟಿಕೆಟ್ಟಿಗೆ ಐದು ಜನ ಬೇಕಾಗಿತ್ತು!

ಇದು 2008ರ ಕತೆ. ನಾನಾಗ ಸ್ಟುಟ್‌ಗಾರ್ಟಿನಲ್ಲಿ ಎಂ.ಎಸ್. ಎರಡನೇ ವರ್ಷಕ್ಕೆ ಕಾಲಿಡ್ತಾ ಇದ್ದೆ. ಜರ್ಮನ್ ರೈಲಿನಲ್ಲಿ ಆಗ ವಾರಾಂತ್ಯದ ಟಿಕೆಟ್ ಅಂತ ಒಂದಿತ್ತು. ಐದು ಜನಕ್ಕೆ ಒಂದೇ ಟಿಕೆಟ್. ಶನಿವಾರ ಅಥವಾ ಭಾನುವಾರ ಇಡೀ ದಿನ, ಮಾರನೇ ಬೆಳಗಿನ ಜಾವ ಮೂರರ ತನಕ ಜರ್ಮನಿಯಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ವೇಗದ ರೈಲು ಹತ್ತೋ ಹಾಗಿಲ್ಲ, ಊರೂರಿಗೂ ನಿಲ್ಲೋ ರೈಲೇ ಗತಿ. ತಲೆಗೆ ಏಳು ಯೂರೋ ಚಿಲ್ಲರೆ. 2019ರಲ್ಲಿ ಆ ಟಿಕೆಟ್ ನಿಲ್ಲಿಸಿಬಿಟ್ಟರು ಅಂತ ಗೊತ್ತಾದಾಗ ಯಾರೋ ಹಳೇ ಸಂಬಂಧಿಕರು ಹೋದಷ್ಟೇ ಬೇಜಾರಾಯ್ತು ನಂಗೆ. ಹೈದರಾಬಾದಿನವರು ಇಬ್ಬರು, ಚೆನ್ನೈನವನು ಒಬ್ಬ, ಧಾರವಾಡದವನು... ನಾಲ್ಕೇ ಜನ. ಐದನೇ ಪಾಲು ಕೊಡೋಕೆ ನಾನು.

ಶುಕ್ರವಾರ ರಾತ್ರಿ ಅಮ್ಮನಿಗೆ ಫೋನ್ ಮಾಡಿ "ನಾಳೆ ಪೂರ್ತಿ ಲೈಬ್ರರಿಯಲ್ಲಿರ್ತೀನಿ, ಫೋನ್ ಎತ್ತಲ್ಲ" ಅಂದೆ. ಅಮ್ಮ "ಹೊತ್ತಿಗೆ ಸರಿಯಾಗಿ ಊಟ ಮಾಡ್ಕೊಳೋ" ಅಂದಳು. ಸುಳ್ಳು ಹೇಳುವಾಗ ನನಗೇನೂ ಅನಿಸಲಿಲ್ಲ. ನಮ್ಮ ಮನೆಯಲ್ಲಿ ಬಾಟ್ಲಿ ಅನ್ನೋ ಶಬ್ದಾನೇ ಯಾರೂ ಆಡ್ತಾ ಇರಲಿಲ್ಲ, ಇನ್ನು ಬಿಯರ್ ಜಾತ್ರೆ ಅಂತ ಹೇಗೆ ಹೇಳೋದು?

ಬೆಳಗಿನ ಜಾವ ಐದಕ್ಕೆಲ್ಲ ರೈಲು ಹತ್ತಿದೆವು. ಉಲ್ಮ್ ದಾಟಿದ ಮೇಲೆ ಒಂದೊಂದು ಸ್ಟೇಷನ್ನಿನಲ್ಲೂ ಮಂಡಿ ತನಕದ ಚರ್ಮದ ಚಡ್ಡಿ ಹಾಕಿಕೊಂಡ ಗಂಡಸರು, ಲಂಗದ ಮೇಲೆ ಬಣ್ಣದ ಏಪ್ರನ್ ಕಟ್ಟಿಕೊಂಡ ಹೆಂಗಸರು ಹತ್ತೋಕೆ ಶುರು. ಆ ಚಡ್ಡಿಗೆ ಲೇಡರ್‌ಹೋಸನ್, ಆ ಲಂಗಕ್ಕೆ ಡಿರ್ಂಡ್ಲ್ ಅಂತಾರೆ. ಏಪ್ರನ್ನಿನ ಗಂಟು ಎಡಗಡೆ ಇದ್ರೆ ಮದುವೆ ಆಗಿಲ್ಲ, ಬಲಗಡೆ ಇದ್ರೆ ಆಗಿದೆ ಅಂತ ಲೆಕ್ಕ ಅಂತೆ. ಚೆನ್ನೈನವನು ಮ್ಯೂನಿಕ್ ಬರೋವರೆಗೂ ಗಂಟುಗಳನ್ನೇ ನೋಡ್ತಾ ಕೂತಿದ್ದ.

ಜಾತ್ರೆ ನಡೆಯೋ ಬಯಲಿನ ಹೆಸರು ಥೆರೇಸಿಯನ್‌ವೀಸ. ಥೆರೇಸಾಳ ಹುಲ್ಲುಗಾವಲು ಅಂತ ಅರ್ಥ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್‌ಗೂ ಥೆರೇಸಾ ಅನ್ನೋ ರಾಜಕುಮಾರಿಗೂ ಮದುವೆ ಆಯ್ತು. ಆ ಸಂಭ್ರಮಕ್ಕೆ ಐದು ದಿನ ಬಿಟ್ಟು ಈ ಬಯಲಲ್ಲಿ ಕುದುರೆ ಪಂದ್ಯ ಇಟ್ಟರು. ಜನಕ್ಕೆ ಎಷ್ಟು ಇಷ್ಟ ಆಯ್ತು ಅಂದ್ರೆ ಮುಂದಿನ ವರ್ಷವೂ ಮಾಡಿದರು. ಆಮೇಲೆ ಕುದುರೆ ಹೋಯ್ತು, ಬಿಯರ್ ಉಳೀತು. ಇನ್ನೊಂದು ತಮಾಷೆ ಅಂದ್ರೆ ಹೆಸರು ಅಕ್ಟೋಬರ್ ಆದ್ರೂ ಹಬ್ಬದ ಮುಕ್ಕಾಲು ಭಾಗ ನಡೆಯೋದು ಸೆಪ್ಟೆಂಬರಿನಲ್ಲೇ. ಅಕ್ಟೋಬರಿಗೆ ಚಳಿ ಜಾಸ್ತಿ ಅಂತ ಹಿಂದಕ್ಕೆ ತಂದುಕೊಂಡರಂತೆ. ನಾವು ಹೋಗಿದ್ದು ಸೆಪ್ಟೆಂಬರ್ 27ಕ್ಕೆ.

ಒಳಗೆ ಹೋಗೋಕೆ ದುಡ್ಡಿಲ್ಲ. ನಮ್ಮೂರ ಜಾತ್ರೆ ಥರಾನೇ ತಿರುಗೋ ತೊಟ್ಟಿಲು, ಬಂದೂಕಿನಲ್ಲಿ ಗುರಿ ಹೊಡೆಯೋ ಅಂಗಡಿ, ಸಕ್ಕರೆಯಲ್ಲಿ ಹುರಿದ ಬಾದಾಮಿ, ಕತ್ತಿಗೆ ನೇತು ಹಾಕಿಕೊಳ್ಳೋ ಹೃದಯದ ಆಕಾರದ ಬಿಸ್ಕತ್ತು. ಮಧ್ಯದಲ್ಲಿ ಟೆಂಟುಗಳು. ಟೆಂಟು ಅಂದ್ರೆ ಶಾಮಿಯಾನ ಅಂದ್ಕೋಬೇಡಿ, ಒಂದೊಂದರಲ್ಲೂ ಸಾವಿರಾರು ಜನ ಕೂರಬಹುದು. ಮ್ಯೂನಿಕ್ ಊರೊಳಗೇ ತಯಾರಾಗೋ ಆರೇ ಆರು ಕಂಪನಿಗಳ ಬಿಯರಿಗೆ ಮಾತ್ರ ಇಲ್ಲಿ ಜಾಗ. ಕೂರೋಕೆ ಬೆಂಚು ಸಿಕ್ಕಿದರಷ್ಟೇ ಬಿಯರ್, ನಿಂತವರಿಗೆ ಕೊಡಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಬಾಗಿಲೇ ಹಾಕಿಬಿಡ್ತಾರೆ. ಅದಕ್ಕೇ ನಾವು ಒಂಬತ್ತಕ್ಕೆ ಬಾಗಿಲು ತೆರೆಯೋಕೆ ಮುಂಚೆ ಆಗಸ್ಟಿನರ್ ಟೆಂಟಿನ ಮುಂದೆ ನಿಂತಿದ್ದು. ಅಲ್ಲಿ ಇನ್ನೂ ಮರದ ಪೀಪಾಯಿಯಿಂದಲೇ ಬಿಯರ್ ಬಗ್ಗಿಸ್ತಾರೆ ಅಂತ ಹೈದರಾಬಾದಿನವರು ಓದಿಕೊಂಡು ಬಂದಿದ್ದರು.

ಒಂದು ಗಾಜಿನ ಮಗ್ಗಿಗೆ ಮಾಸ್ ಅಂತಾರೆ, ಸರಿಯಾಗಿ ಒಂದು ಲೀಟರ್. ಖಾಲಿ ಮಗ್ಗೇ ಒಂದು ಕೇಜಿಗಿಂತ ಜಾಸ್ತಿ ತೂಕ. ನಮ್ಮ ಟೇಬಲ್ಲಿನ ಹೆಂಗಸು, ಐವತ್ತರ ಮೇಲಾಗಿರಬೇಕು, ತುಂಬಿದ ಹತ್ತು ಮಗ್ಗುಗಳನ್ನ ಎದೆಗೆ ಅವಚಿಕೊಂಡು ಬಂದು ದಡಕ್ಕಂತ ಇಟ್ಟಳು. ಇಪ್ಪತ್ತು ಕೇಜಿ ಮೇಲಾಯ್ತು! ಆಗ ಒಂದು ಮಾಸಿಗೆ ಎಂಟು ಯೂರೋ ಆಸುಪಾಸು, ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿ ಮೇಲೆ. (2025ರಲ್ಲಿ ಅದು ಹದಿನೈದು ಯೂರೋ ಮುಟ್ಟಿದೆ.) ನನಗೆ ಒಂದು ಬ್ರೆಟ್ಸೆಲ್ ಸಿಕ್ಕಿತು. ಕೋಡುಬಳೆಯ ಮುತ್ತಾತ ಅನ್ನಬಹುದು, ಊಟದ ತಟ್ಟೆಯಷ್ಟು ದೊಡ್ಡದು, ಮೇಲೆ ಕಲ್ಲುಪ್ಪು.

ನಮ್ಮ ಬೆಂಚಿನ ಆ ತುದಿಯಲ್ಲಿ ಮ್ಯೂನಿಕ್ಕಿನದೇ ಒಂದು ಕುಟುಂಬ. ಎಪ್ಪತ್ತು ದಾಟಿದ ಅಜ್ಜ, ಅಜ್ಜಿ, ಅವರ ಮಗಳು, ಆರೇಳು ವರ್ಷದ ಮೊಮ್ಮಗ. ಅಜ್ಜನ ಮುಂದೆ ಒಂದು ಮಾಸ್, ಅಜ್ಜಿ ಮುಂದೆ ಒಂದು. ಹುಡುಗನ ಮುಂದೆ ಸೇಬಿನ ರಸ. ಅಜ್ಜ ನನ್ನ ಕಡೆ ತಿರುಗಿ "ನಿನಗೆ?" ಅಂತ ಕೇಳಿದರು. ನನಗೆ ಗೊತ್ತಿದ್ದ ಮುರುಕಲು ಜರ್ಮನ್ನಿನಲ್ಲಿ "ಡಾಕ್ಟರು ಬೇಡ ಅಂದಿದಾರೆ" ಅಂದೆ. ಎರಡು ದಿನದಲ್ಲಿ ಎರಡನೇ ಸುಳ್ಳು. ಅಜ್ಜ ನಕ್ಕು "ಕುಡೀಲೇಬೇಕು ಅಂತೇನಿಲ್ಲ, ಅದಕ್ಕೆ ಡಾಕ್ಟರ್ ಯಾಕೆ?" ಅಂದು, ಕೈ ಎತ್ತಿ ನನಗೂ ಒಂದು ಸೇಬಿನ ರಸ ಹೇಳಿದರು. ಸೋಡಾ ಬೆರೆಸಿದ ರಸ ಅದು, ಆಪ್ಫೆಲ್‌ಶೋರ್ಲೆ ಅಂತಾರೆ. ನೋಡೋಕೆ ಥೇಟ್ ಬಿಯರೇ!

ನಾನು ಆ ಅಜ್ಜನನ್ನೇ ನೋಡ್ತಾ ಇದ್ದೆ. ಒಂದು ಗುಟುಕು, ಹೆಂಡತಿ ಜೊತೆ ಒಂದು ಮಾತು, ಮೊಮ್ಮಗನ ಬಾಯಿ ಒರೆಸೋದು, ಮತ್ತೆ ಒಂದು ಗುಟುಕು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬ್ಯಾಂಡಿನವರು ಅದೇ ಹಾಡು ಬಾರಿಸೋರು, ಆಗ ಇಡೀ ಟೆಂಟು ಮಗ್ಗು ಎತ್ತಿ ತಾಗಿಸೋದು. ಹುಡುಗನೂ ತಾಗಿಸ್ತಾ ಇದ್ದ, ನಾನೂ ತಾಗಿಸಿದೆ. ಎರಡು ಗಂಟೆ ಹೊತ್ತಿನಲ್ಲಿ ಒಂದೇ ಒಂದು ಮಾಸ್ ಮುಗಿಸಿ, ಟೋಪಿ ಹಾಕಿಕೊಂಡು, ನಮಗೆಲ್ಲ ಕೈ ಕುಲುಕಿ ಅಜ್ಜ ಹೊರಟರು. ಎಷ್ಟು ಕುಡಿದರು ಅಂತ ಅವರ ಹೆಂಡತಿಗೆ ಗೊತ್ತು, ಮಗಳಿಗೆ ಗೊತ್ತು, ಆ ಹುಡುಗನಿಗೂ ಗೊತ್ತು.

ಈಗ ಅಪ್ಪನ ವಿಷಯ ಹೇಳಬೇಕು. ತಿಪಟೂರಿನ ನಮ್ಮ ಮನೆಯ ಬಚ್ಚಲಿನಲ್ಲಿ ಹಂಡೆ ಒಲೆ ಪಕ್ಕ ತೆಂಗಿನ ಮಟ್ಟೆ ಒಟ್ಟಿರ್ತಿದ್ದರು. ಆ ರಾಶಿ ಹಿಂದೆ ಅಪ್ಪನ ಕ್ವಾರ್ಟರ್ ಬಾಟ್ಲಿ ಇರ್ತಿತ್ತು. ಅದು ಅಲ್ಲಿದೆ ಅಂತ ನನಗೆ ಗೊತ್ತಿತ್ತು, ತಂಗಿಗೆ ಗೊತ್ತಿತ್ತು, ನೀರು ಕಾಯಿಸೋ ಅಮ್ಮನಿಗೆ ಗೊತ್ತಿರದೇ ಇರುತ್ತಾ? ಆದರೆ ಯಾರೂ ಅದನ್ನ ನೋಡಿಲ್ಲ. ಅಪ್ಪ ಸಂಜೆ "ಸ್ನಾನ" ಮಾಡಿ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಡೋರು. ಹೊಡೆದಿದ್ದಿಲ್ಲ, ಕೂಗಾಡಿದ್ದಿಲ್ಲ. ಯಾರಾದ್ರೂ ಮನೆಗೆ ಬಂದ್ರೆ ಅಮ್ಮ ಬಾಗಿಲಲ್ಲೇ ನಿಂತು "ಅವರಿಗೆ ಸ್ವಲ್ಪ ಹುಷಾರಿಲ್ಲ, ಮಲಗಿದಾರೆ" ಅನ್ನೋಳು. ನನಗೂ ತಂಗಿಗೂ ಆ ವಾಕ್ಯ ಮಗ್ಗಿ ಥರ ಬಾಯಿಪಾಠ. ಕೊನೆಗೆ 2003ರಲ್ಲಿ ನಿಜವಾಗಿಯೂ ಹುಷಾರು ತಪ್ಪಿದಾಗ ಡಾಕ್ಟರು ಕೇಳಿದರು, "ದಿನಕ್ಕೆ ಎಷ್ಟು ಕುಡೀತಿದ್ರಮ್ಮ?" ಹಳದಿ ಕಣ್ಣು, ಊದಿದ ಹೊಟ್ಟೆ ಮಾಡಿಕೊಂಡು ಅಪ್ಪ ಎದುರಿಗೇ ಮಲಗಿದ್ದರು. ಅಮ್ಮ "ಇಲ್ಲ ಸಾರ್, ಅವರು ಕುಡಿಯಲ್ಲ" ಅಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮೂರು ವಾರಕ್ಕೆ ಅಪ್ಪ ಹೋದರು.

ಆ ಅಜ್ಜನನ್ನ ನೋಡಿದಾಗ ಹೊಟ್ಟೆಕಿಚ್ಚಾಯ್ತು. ಎಲ್ಲರ ಎದುರಿಗೆ ಕೂತು ಕುಡಿದರೆ ಹೀಗಿರಬಹುದಾ ಅನಿಸ್ತು. ನಮ್ಮವರು ಕದ್ದು ಕುಡಿದು ಹಾಳಾಗ್ತಾರೆ, ಇವರು ರಾಜಾರೋಷವಾಗಿ ಕುಡಿದು ಚೆನ್ನಾಗಿದಾರೆ ಅಂತ ಮನಸ್ಸಲ್ಲೇ ದೊಡ್ಡ ತೀರ್ಪು ಕೊಟ್ಟುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಆ ತೀರ್ಪು ಮಗುಚಿಕೊಳ್ತು.

ನಮ್ಮ ಧಾರವಾಡದವನು ಮೂರನೇ ಮಾಸಿಗೆ ಕೈ ಹಾಕಿದಾಗ "ಸಾಕು ಕಣೋ" ಅಂದೆ. "ಬಿಯರ್ ಅಲ್ಲೇನಲೇ, ನೀರಿದ್ದಂಗ ಐತಿ" ಅಂದ. ನೀರಲ್ಲ. ಹಬ್ಬಕ್ಕೇ ಅಂತ ಮಾಡೋ ಈ ಬಿಯರಿನಲ್ಲಿ ಆಲ್ಕೋಹಾಲ್ ಶೇಕಡಾ 6ರಷ್ಟಿರುತ್ತೆ. ಅಂದ್ರೆ ಒಂದು ಲೀಟರಿಗೆ 60 ಮಿ.ಲೀ. ನಮ್ಮೂರ 180 ಮಿ.ಲೀ. ಕ್ವಾರ್ಟರ್ ವಿಸ್ಕಿಯಲ್ಲಿ 77 ಮಿ.ಲೀ. ಇರುತ್ತೆ. ನಾಲ್ಕು ಮಾಸ್ ಕುಡಿದ್ರೆ ಮೂರು ಕ್ವಾರ್ಟರ್ ಕುಡಿದ ಲೆಕ್ಕ. ಗೆಳೆಯ ನಾಲ್ಕು ಕುಡಿದ. ನಾನು ಒಂದೊಂದನ್ನೂ ಎಣಿಸಿದ್ದೆ. ಎಣಿಸೋ ಚಟ ನನಗೆ ಯಾಕಿದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಗಂಟೆಗೆ ಬೆಂಚಿನ ಮೇಲೆ ಹತ್ತಿ ಕುಣಿದ. ಐದಕ್ಕೆ ಅವನಿಗೆ ನಿಲ್ಲೋಕಾಗಲಿಲ್ಲ. ಮೂವರನ್ನ ಒಳಗೇ ಬಿಟ್ಟು ನಾನು ಅವನನ್ನ ಹೊರಗೆ ಕರಕೊಂಡು ಬಂದೆ. ಬಯಲಿನ ಪಶ್ಚಿಮದ ಅಂಚಿಗೆ ಬವೇರಿಯಾ ಅನ್ನೋ ಕಂಚಿನ ಹೆಂಗಸು ನಿಂತಿದಾಳೆ. 1850ರ ವಿಗ್ರಹ, ಹದಿನೆಂಟು ಮೀಟರಿಗಿಂತ ಎತ್ತರ, ಪಕ್ಕದಲ್ಲಿ ಒಂದು ಸಿಂಹ. ಒಳಗಿನ ಮೆಟ್ಟಿಲು ಹತ್ತಿ ಅವಳ ತಲೆ ತನಕ ಹೋಗಬಹುದು. ನಾವು ಹೋಗಿದ್ದು ಅವಳ ಕಾಲಬುಡದ ಹುಲ್ಲಿನ ಇಳಿಜಾರಿಗೆ. ಅಲ್ಲಿ ನೋಡಿದರೆ ನಮ್ಮ ಗೆಳೆಯನಂಥವರೇ ಹತ್ತಾರು ಜನ. ಕೆಲವರು ಬೋರಲು, ಕೆಲವರು ಅಂಗಾತ. ಒಬ್ಬ ಚರ್ಮದ ಚಡ್ಡಿಯ ಅಜ್ಜ ಒಂದೇ ಬೂಟಿನಲ್ಲಿ ಕೂತು ಅಳ್ತಾ ಇದ್ದ. ಇಂಥವರಿಗೆ ಜರ್ಮನ್ನರು ಬಿಯರ್ ಹೆಣ ಅಂತ ಹೆಸರಿಟ್ಟಿದಾರೆ. ವಾಂತಿ ವಾಸನೆ. ಬಚ್ಚಲು ಮನೆಯ ವಾಸನೆಗೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ನಾನು ಗೆಳೆಯನ ಬೂಟು ಬಿಚ್ಚಿ, ಕೈಯಲ್ಲಿ ಹಿಡಕೊಂಡು, ಅವನನ್ನ ಒಂದು ಪಕ್ಕಕ್ಕೆ ಮಲಗಿಸಿ ಕೂತೆ. ಅಂತೂ ಚಪ್ಪಲಿ ಕಾಯೋ ಕೆಲಸ ಸಿಕ್ಕಿತು ನೋಡಿ! ರೆಡ್‌ಕ್ರಾಸಿನ ಒಂದು ಹುಡುಗಿ, ಒಬ್ಬ ಹುಡುಗ ಸಾಲಾಗಿ ಎಲ್ಲರನ್ನೂ ನೋಡ್ತಾ ಬಂದರು. ಹುಡುಗಿ ಇವನ ಕಣ್ಣಿಗೆ ಟಾರ್ಚ್ ಬಿಟ್ಟು, ಭುಜ ಅಲ್ಲಾಡಿಸಿ, ಹೆಸರು ಕೇಳಿದಳು. ಇವನು ಏನೋ ಗೊಣಗಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಎಷ್ಟು ಕುಡಿದಿದಾನೆ?"

ಅದೇ ಪ್ರಶ್ನೆ. ಬೈಗುಳ ಇಲ್ಲ, ನಗು ಇಲ್ಲ. ಗೊತ್ತಾದರೆ ಅವಳ ಕೆಲಸಕ್ಕೆ ಅನುಕೂಲ, ಅಷ್ಟೇ.

"ನಾಲ್ಕು ಮಾಸ್. ಒಂಬತ್ತೂವರೆಗೆ ಶುರು ಮಾಡಿದ, ನಾಲ್ಕಕ್ಕೆ ಮುಗಿಸಿದ. ಮಧ್ಯೆ ಅರ್ಧ ಕೋಳಿ ತಿಂದಿದಾನೆ" ಅಂದೆ. "ಗುಡ್" ಅಂದಳು. ಅಂಗಾತ ಮಲಗೋಕೆ ಬಿಡಬೇಡ, ಒಬ್ಬನನ್ನೇ ಬಿಟ್ಟು ಹೋಗಬೇಡ, ಎಬ್ಬಿಸಿದರೆ ಏಳದೇ ಹೋದ್ರೆ ತಕ್ಷಣ ಕೂಗು ಅಂತ ಹೇಳಿ ಮುಂದಿನವನ ಹತ್ತಿರ ಹೋದಳು. ಐದು ವರ್ಷ ತಡವಾಗಿ ಒಂದು ಪ್ರಶ್ನೆಗೆ ಸರಿ ಉತ್ತರ ಕೊಟ್ಟ ಹಾಗಾಯ್ತು.

ಆದರೆ ಕತೆ ಅಲ್ಲಿಗೇ ಮುಗೀಲಿಲ್ಲ. ಆರು ಗಂಟೆಗೆ ಅವನ ಜೇಬಿನಲ್ಲಿ ಫೋನು ಬಾರಿಸ್ತು. ನಿಂತು ಮತ್ತೆ ಬಾರಿಸ್ತು. ಊರಲ್ಲಿ ಆಗ ರಾತ್ರಿ ಒಂಬತ್ತೂವರೆ. ಶನಿವಾರ ತಪ್ಪದೇ ಮನೆಗೆ ಫೋನ್ ಮಾಡೋ ಮಗ ಮಾಡಿಲ್ಲ ಅಂತ ಅವನ ತಾಯಿ ದೊಡ್ಡ ಮಗನ ಮೊಬೈಲಿಂದ ಮಾಡಿದ್ದರು. ಮೂರನೇ ಸಲಕ್ಕೆ ಎತ್ತಿದೆ.

"ಯಾರಪಾ ನೀ? ನಮ್ಮ ಹುಡುಗ ಎಲ್ಲದಾನ?"

"ನಾನು ಅವನ ರೂಮ್‌ಮೇಟಮ್ಮ. ಅವನಿಗೆ ಸ್ವಲ್ಪ ಹುಷಾರಿಲ್ಲ, ಮಲಗಿದಾನೆ."

ಹೇಳಿ ಮುಗಿಸಿದ ಮೇಲೆ ಕಿವಿಗೆ ಬಿತ್ತು ನಾನೇನು ಹೇಳಿದೆ ಅಂತ. ಶಬ್ದ ಕೂಡ ಬದಲಾಗಿರಲಿಲ್ಲ. ಬಾಗಿಲಲ್ಲಿ ನಿಂತು ಅಮ್ಮ ಹೇಳ್ತಿದ್ದ ಅದೇ ವಾಕ್ಯ, ಅದೇ ದನಿ.

"ಅಯ್ಯ, ಆರಾಮಿಲ್ಲೇನು? ಜ್ವರಾ ಬಂದಾವೇನು? ಊಟರೇ ಮಾಡ್ಯಾನೋ ಇಲ್ಲೋ?"

"ಮಾಡಿದಾನಮ್ಮ. ನಾಳೆ ಸರಿ ಹೋಗ್ತಾನೆ."

"ನೀ ಅದೀಯಲ್ಲಪಾ ಬಾಜೂಕ, ಚಲೋ ಆತು. ನೋಡ್ಕೋಪಾ" ಅಂದರು. ಆ ತಾಯಿ ನನಗೆ ಒಳ್ಳೇದಾಗಲಿ ಅಂತ ಹರಸಿ ಫೋನಿಟ್ಟರು. ಆ ಕಂಚಿನ ಹೆಂಗಸಿನ ಕೆಳಗೆ ಕೂತು ನಾನು ತುಂಬಾ ಹೊತ್ತು ಎರಡು ಬೂಟುಗಳನ್ನ ಹಿಡಕೊಂಡೇ ಇದ್ದೆ.

ಮಿಕ್ಕ ಮೂವರು ರಾತ್ರಿ ರೈಲಿಗೆ ಹೋದರು, ಟಿಕೆಟ್ ಅವರ ಹತ್ತಿರವೇ ಇತ್ತು. ಇವನನ್ನ ನಡೆಸಿಕೊಂಡು ಮ್ಯೂನಿಕ್ ಸ್ಟೇಷನ್ನಿಗೆ ಬಂದು ಬೆಳಗಿನ ತನಕ ಒಂದು ಬೆಂಚಿನ ಮೇಲೆ ಕೂತೆವು. ಐದು ಗಂಟೆಗೆ ಕಣ್ಣು ಬಿಟ್ಟವನೇ ಫೋನ್ ನೋಡಿ ಗಾಬರಿಯಾದ. "ಅವ್ವ ಮಾಡಿದ್ಲೇನು? ಏನಂದಿ?"

"ಹುಷಾರಿಲ್ಲ ಅಂದೆ."

"ಭಾಳ ಚಲೋ ಮಾಡಿದಿ ದೋಸ್ತ" ಅಂತ ನನ್ನ ಕೈ ಹಿಡಕೊಂಡ. ಅವನ ಮುಖದಲ್ಲಿದ್ದ ಆ ನೆಮ್ಮದಿ ನೋಡಿ ಸಿಟ್ಟೇ ಬಂತು. ಅವನ ಮೇಲಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಈ ನೆಮ್ಮದಿಯನ್ನ ಅಪ್ಪನಿಗೆ ಪ್ರತಿ ಸಂಜೆ ನಾವೇ ಕೊಡ್ತಾ ಬಂದಿದ್ದೆವಲ್ಲ, ಅದರ ಮೇಲೆ. ಟೆಂಟಿನಲ್ಲಿ ಕೊಟ್ಟ ತೀರ್ಪು ತಪ್ಪು ಅಂತ ಗುಡ್ಡದ ಮೇಲೇ ಗೊತ್ತಾಗಿತ್ತು. ಎಲ್ಲರೆದುರು ಕುಡಿದವರೂ ಅಲ್ಲಿ ಬಿದ್ದಿದ್ದರು. ಆದರೆ ಬಿದ್ದವರನ್ನ ಎತ್ತೋರಿಗೆ ಎಷ್ಟು ಅಂತ ಗೊತ್ತಿತ್ತು. ನಮ್ಮಪ್ಪನದ್ದು ಯಾರಿಗೂ ಗೊತ್ತಿರಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಮೂರು ಜನ ಜರ್ಮನ್ ಹುಡುಗರು ವಾರಾಂತ್ಯದ ಟಿಕೆಟ್ಟಿಗೆ ಇನ್ನಿಬ್ಬರನ್ನ ಹುಡುಕ್ತಾ ಇದ್ದರು. ಪಾಲು ಕೊಟ್ಟು ಅವರ ಜೊತೆ ಸೇರಿಕೊಂಡೆವು. ಮಧ್ಯಾಹ್ನ ರೂಮಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಲೈಬ್ರರಿಗೆ ಹೋಗಿರಲಿಲ್ಲಮ್ಮ. ಬಿಯರ್ ಕುಡಿಯೋ ಜಾತ್ರೆಗೆ ಹೋಗಿದ್ದೆ. ನಾನು ಕುಡೀಲಿಲ್ಲ."

ಆ ಕಡೆ ಸದ್ದಿಲ್ಲ. ಕಾರ್ಡಿನ ನಿಮಿಷ ಓಡ್ತಾ ಇತ್ತು. ನಾನು ಎಲ್ಲಾ ಹೇಳಿಬಿಟ್ಟೆ. ಅಜ್ಜ, ಅಜ್ಜಿ, ಮೊಮ್ಮಗ, ಗುಡ್ಡ, ಆ ಹುಡುಗಿ ಕೇಳಿದ ಪ್ರಶ್ನೆ, ಗೆಳೆಯನ ತಾಯಿಗೆ ನಾನು ಹೇಳಿದ ಮಾತು. ಕೊನೆಯದನ್ನ ಹೇಳುವಾಗ ಗಂಟಲು ಕಟ್ಟಿತು.

"ಹೆಂಗಸ್ರೂ ಮಕ್ಳೂ ಅಲ್ಲೇ ಕೂತಿರ್ತಾರೇನೋ?" ಅಂತ ಕೇಳಿದಳು ಅಮ್ಮ.

"ಹೂಂ."

ಸ್ವಲ್ಪ ಹೊತ್ತು ಬಿಟ್ಟು ಅಂದಳು, "ನಿಮ್ಮಪ್ಪಾನೂ ಎದುರಿಗೆ ಕೂತು ಕುಡಿದಿದ್ರೆ, ಡಾಕ್ಟ್ರು ಕೇಳ್ದಾಗ ಇಷ್ಟು ಅಂತಾದ್ರೂ ಹೇಳ್ತಿದ್ದೆ ಕಣೋ."

ಅಪ್ಪ ಕುಡೀತಿದ್ದರು ಅಂತ ಅಮ್ಮನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಅವಳೇ ಮಾತು ತೆಗೆದಳು. ಮಾರನೇ ದಿನ ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಹೋದವರಿಗೆ ಅವತ್ತು ಎಡೆ ಇಡ್ತಾರೆ. ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಎಡೆಯಲ್ಲಿ ಇರಬೇಕು. ಬೀಡಿ ಸೇದೋರಿಗೆ ಬೀಡಿ, ಎಲೆ ಅಡಿಕೆಯವರಿಗೆ ಎಲೆ ಅಡಿಕೆ, ಕುಡಿಯೋರಿಗೆ ಅದೂ. ಅಪ್ಪನ ಎಡೆಗೆ ಐದು ವರ್ಷದಿಂದ ವಡೆ, ಪಾಯಸ, ಮಾಂಸದ ಸಾರು, ಹೊಸ ಪಂಚೆ ಇಟ್ಟಿದ್ದೆವು. ಬಾಟ್ಲಿ ಇಟ್ಟಿರಲಿಲ್ಲ. ಇಟ್ಟರೆ ಒಪ್ಪಿಕೊಂಡ ಹಾಗಲ್ಲವಾ?

"ಈ ಸಲ ಒಂದು ತರಿಸ್ಲೇನೋ?" ಅಂದಳು.

"ತರಿಸಮ್ಮ" ಅಂದೆ.

ಚಿಕ್ಕಪ್ಪ ತಂದುಕೊಟ್ಟರಂತೆ. ಅಪ್ಪ ಕುಡೀತಿದ್ದ ಬ್ರಾಂಡು ಯಾವುದು ಅಂತ ಚಿಕ್ಕಪ್ಪ ಕೇಳಿದರೆ, ಅಮ್ಮ ತಡವರಿಸದೇ ಹೆಸರು ಹೇಳಿದಳಂತೆ. ತಂಗಿ ಸೋಮವಾರ ರಾತ್ರಿ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದಳು. ಮಟ್ಟೆ ರಾಶಿ ಹಿಂದೆ ಇರ್ತಿದ್ದ ಬಾಟ್ಲಿ ಅವತ್ತು ನಡುಮನೆಯಲ್ಲಿ, ಬಾಳೆಲೆ ಮೇಲೆ, ಅಪ್ಪನ ಫೋಟೋ ಮುಂದೆ, ಬಂದ ನೆಂಟರೆಲ್ಲರ ಎದುರಿಗೆ ಕೂತಿತ್ತು. ಯಾರೂ ಏನೂ ಅನ್ನಲಿಲ್ಲವಂತೆ. ದೊಡ್ಡತ್ತೆ ಒಬ್ಬರು ಮಾತ್ರ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರಂತೆ.

"ಅಮ್ಮ ಅತ್ತಳಾ?" ಅಂತ ಕೇಳಿದೆ.

"ಇಲ್ಲ ಕಣೋ ಅಣ್ಣ. ಸಾರಿಗೆ ಖಾರ ಜಾಸ್ತಿ ಆಯ್ತು, ನಿಮ್ಮಪ್ಪಂಗೆ ಆಗಲ್ಲ ಅಂತ ಗೊಣಗ್ತಾ ಇದ್ಳು."